ಪುಟ್ಟ ಮಕ್ಕಳಿಗೆ ನಿಜವಾದ ಪ್ರಾಣಿಗಳ ಚಿತ್ರಪುಸ್ತಕ ಆರಿಸೋದು ಹೇಗೆ, ಓದೋದು ಹೇಗೆ

ಮೂರರಿಂದ ಆರು ವರ್ಷದ ಮಗು ಇರೋ ಮನೇಲಿ ಪ್ರಾಣಿಗಳ ಪುಸ್ತಕ ಇದ್ದೇ ಇರತ್ತೆ, ಆದ್ರೆ ತೆಗೆದು ನೋಡಿದ್ರೆ ಮುಕ್ಕಾಲು ಪಾಲು ಕಥೆ ಪುಸ್ತಕಗಳೇ, ಸಿಂಹ ಮಾತಾಡತ್ತೆ, ನರಿ ಮೋಸ ಮಾಡತ್ತೆ, ಮೊಲ ಚಡ್ಡಿ ಹಾಕ್ಕೊಂಡು ಸ್ಕೂಲಿಗೆ ಹೋಗತ್ತೆ. ಕಥೆ ಖಂಡಿತ ಬೇಕು, ಅದ್ರ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ನಾಲ್ಕು ವರ್ಷದ ಹೊತ್ತಿಗೆ ಮಕ್ಕಳು "ಇದು ನಿಜಾನಾ?" ಅಂತ ಕೇಳೋಕೆ ಶುರು ಮಾಡ್ತಾರೆ ನೋಡಿ, ಆಗ ಕೈಗೆ ಕೊಡೋಕೆ ಬೇರೆ ಥರದ ಪುಸ್ತಕ ಬೇಕು. ಪ್ರಾಣಿ ನಿಜವಾಗ್ಲೂ ಎಲ್ಲಿರತ್ತೆ, ಏನ್ ತಿನ್ನತ್ತೆ, ಮರಿ ಹೆಂಗ್ ಸಾಕತ್ತೆ, ಅದನ್ನ ಚಿತ್ರದಲ್ಲಿ ತೋರ್ಸಿ ನಾಲ್ಕು ಮಾತಲ್ಲಿ ಹೇಳೋ ಪುಸ್ತಕ. ಇಂಥದ್ದನ್ನ ಹೆಂಗೆ ಆರಿಸ್ಬೇಕು, ತಂದ ಮೇಲೆ ಹೆಂಗೆ ಓದ್ಬೇಕು ಅಂತ ಬರೀತಿದ್ದೀನಿ.

ಮೊದಲ್ನೇ ಕೆಲಸ, ಅಕ್ಷರ ಓದ್ಬೇಡಿ, ಚಿತ್ರ ನೋಡಿ. ಅಂಗಡೀಲೋ ಲೈಬ್ರರೀಲೋ ಪುಸ್ತಕ ಕೈಗೆ ತಗೊಂಡ ತಕ್ಷಣ ಬರೀ ಚಿತ್ರಗಳನ್ನ ಒಂದ್ಸಲ ತಿರುವಿ. ಈ ವಯಸ್ಸಿನ ಮಗುಗೆ ಓದೋಕೆ ಬರಲ್ಲ, ನೀವು ಸಾಲು ಓದ್ತಿರೋ ಅಷ್ಟೂ ಹೊತ್ತು ಅದು ಚಿತ್ರಾನೇ ನೋಡ್ತಿರತ್ತೆ, ಹಂಗಾಗಿ ಅಕ್ಷರದಲ್ಲಿ ಎಲ್ಲಾ ಸರಿ ಇದ್ದು ಚಿತ್ರ ತಪ್ಪಿದ್ರೆ ಮಗು ಕಲಿಯೋದು ತಪ್ಪನ್ನೇ. ಇರುವೆ ಚಿತ್ರ ಸಿಕ್ರೆ ಕಾಲು ಎಣಿಸಿ, ಆರು ಇರ್ಬೇಕು, ಆರೂ ಕಾಲು ಮಧ್ಯದ ಭಾಗದಿಂದ, ಅಂದ್ರೆ ಎದೆಯಿಂದಾನೇ ಹೊರಟಿರ್ಬೇಕು. ಎಷ್ಟೋ ಪುಸ್ತಕದಲ್ಲಿ ಎರಡು ಕಾಲು ಎದೆಯಿಂದ, ನಾಲ್ಕು ಹೊಟ್ಟೆಯಿಂದ ಬರ್ದಿರ್ತಾರೆ. ಜೇಡಕ್ಕೆ ಎಂಟು ಕಾಲು, ಅವು ದೇಹದ ಮುಂದಿನ ಭಾಗಕ್ಕೆ ಅಂಟಿರತ್ತೆ, ಹಿಂದಿನ ದಪ್ಪ ಹೊಟ್ಟೆಗಲ್ಲ. ಚಿಟ್ಟೆಯ ಹುಳ ಇದ್ರೆ ಮುಂದ್ಗಡೆ ಮೂರು ಜೊತೆ ಚೂಪಾದ ಪುಟ್ಟ ಕಾಲು ಇದ್ಯಾ ನೋಡಿ, ಹಿಂದ್ಗಡೆ ಇರೋ ಗಿಡ್ಡ ದಪ್ಪ ಕಾಲುಗಳು ಬೇರೆ ಥರದ್ದು, ಅವು ಚಿಟ್ಟೆ ಆದ್ಮೇಲೆ ಇರಲ್ಲ. ಚಿತ್ರಕಾರರು ಇಷ್ಟು ನೋಡಿ ಬರ್ದಿದ್ದಾರೆ ಅಂದ್ರೆ ಉಳಿದದ್ದನ್ನೂ ನೋಡಿಯೇ ಬರ್ದಿರ್ತಾರೆ ಅಂತ ನಂಬಬಹುದು.

ಆಮೇಲೆ ಊರು ನೋಡಿ. ಅಂದ್ರೆ ಪುಸ್ತಕದಲ್ಲಿರೋ ಪ್ರಾಣಿ ಯಾವ ಊರಿಂದು ಅಂತ. ಅಳಿಲು ಅಂತ ಬರ್ದು ಪೊದೆಯಂಥ ಬಾಲದ ಕೆಂಪು ಅಳಿಲನ್ನ ಹಾಕಿರ್ತಾರೆ, ಅದು ಯುರೋಪಿಂದು, ನಮ್ಮ ತೆಂಗಿನ ಮರದ ಮೇಲೆ ಓಡಾಡೋ ಅಳಿಲಿಗೆ ಬೆನ್ನ ಮೇಲೆ ಮೂರು ಬಿಳಿ ಪಟ್ಟೆ ಇರತ್ತೆ (ಉತ್ತರ ಭಾರತದ ಕಡೆಯದ್ದಕ್ಕೆ ಐದು). ಮಗು ದಿನಾ ಕಿಟಕೀಲಿ ನೋಡೋ ಪ್ರಾಣೀನೇ ಪುಸ್ತಕದಲ್ಲಿ ಬೇರೆ ಥರ ಇದ್ರೆ ಪುಸ್ತಕ ಬೇರೆ, ಜಗತ್ತು ಬೇರೆ ಅನ್ನೋ ಭಾವನೆ ಬಂದುಬಿಡತ್ತೆ, ಅದು ಬರಬಾರದು. ಜೇನುಗೂಡೂ ಹಂಗೇನೇ, ಸುರುಳಿ ಸುತ್ತಿದ ಬುಟ್ಟಿ ಬೋರಲು ಹಾಕ್ದಂಗೆ ಬರ್ದಿರ್ತಾರೆ, ಅದು ಯುರೋಪಲ್ಲಿ ಹಿಂದೆ ಹುಲ್ಲಲ್ಲಿ ಹೆಣೀತಿದ್ದ ಗೂಡು. ನಮ್ಮ ಹೆಜ್ಜೇನು ಎತ್ತರದ ಮರಕ್ಕೋ ಬಂಡೆಗೋ ನೀರಿನ ಟ್ಯಾಂಕಿಗೋ ಒಂದೇ ದೊಡ್ಡ ತಟ್ಟಿ ಬಯಲಲ್ಲೇ ಕಟ್ಟತ್ತೆ, ಕೋಲುಜೇನು ಒಂದು ಕಡ್ಡಿ ಸುತ್ತ ಪುಟ್ಟ ತಟ್ಟಿ ಕಟ್ಟತ್ತೆ, ತುಡುವೆ ಜೇನು ಮರದ ಪೊಟರೆ ಒಳಗೆ ಸಾಲಾಗಿ ತಟ್ಟಿಗಳನ್ನ ಕಟ್ಟತ್ತೆ. ಒಂದೇ ಪುಸ್ತಕದಲ್ಲಿ ಈ ಮೂರೂ ಸಿಕ್ಕಿದ್ರೆ ಬೆಲೆ ನೋಡ್ದೇ ತಗೊಳ್ಳಿ.

ಆನೆ ಇದ್ರೆ ಕಿವಿ ನೋಡಿ. ನಮ್ಮ ನಾಗರಹೊಳೆ, ಬಂಡೀಪುರದ ಆನೆಗೆ ಕಿವಿ ಚಿಕ್ಕದು, ಸೊಂಡಿಲ ತುದೀಲಿ ಬೆರಳಿನ ಥರ ಇರೋ ಚಾಚು ಒಂದೇ. ಆಫ್ರಿಕಾದ ಆನೆಗೆ ಹೆಗಲು ಮುಚ್ಚೋವಷ್ಟು ದೊಡ್ಡ ಕಿವಿ, ಸೊಂಡಿಲ ತುದೀಲಿ ಚಾಚು ಎರಡು. ಆನೆ ಸೊಂಡಿಲಿಂದ ನೀರು ಕುಡಿಯತ್ತೆ ಅಂತ ಬರ್ದಿದ್ರೂ ಸ್ವಲ್ಪ ನಿಧಾನಿಸಿ, ಅದು ಸೊಂಡಿಲಿಗೆ ನೀರು ಎಳ್ಕೊಂಡು ಬಾಯಿಗೆ ಬಿಟ್ಕೊಳ್ಳತ್ತೆ, ತೀರಾ ಎಳೇ ಮರಿಗೆ ಅದೂ ಬರಲ್ಲ, ಬಗ್ಗಿ ಬಾಯಿಂದಾನೇ ಕುಡಿಯತ್ತೆ. ಚಿರತೆ ಪುಟದಲ್ಲಿ ಚೀತಾ ಫೋಟೋ ಹಾಕೋದು ತುಂಬಾ ಕಾಮನ್, ಕಣ್ಣಿಂದ ಬಾಯಿವರೆಗೂ ಕಪ್ಪು ಗೆರೆ ಇಳಿದಿದ್ರೆ ಅದು ಚೀತಾ, ಚಿರತೆಗೆ ಆ ಗೆರೆ ಇಲ್ಲ, ಮೈಮೇಲೆ ಬಿಡಿ ಚುಕ್ಕೆ ಬದ್ಲು ಹೂವಿನಂಥ ಗುಂಪು ಚುಕ್ಕೆ ಇರತ್ತೆ. ಪೆಂಗ್ವಿನ್ ಪಕ್ಕ ಹಿಮಕರಡಿ ನಿಂತಿದ್ರೆ ಪುಸ್ತಕ ವಾಪಸ್ ಇಡಿ, ಹಿಮಕರಡಿ ಇರೋದು ಉತ್ತರ ಧ್ರುವದ ಕಡೆ, ಪೆಂಗ್ವಿನ್ ದಕ್ಷಿಣದ ಕಡೆ, ಅವು ಸಹಜವಾಗಿ ಬದುಕೋ ಜಾಗದಲ್ಲಿ ಒಂದನ್ನೊಂದು ನೋಡೋ ಪ್ರಶ್ನೆಯೇ ಇಲ್ಲ. ಆಮೆ ಚಿಪ್ಪಿಂದ ಆಚೆ ಬಂದು ನಿಂತಿದ್ರೂ ಅಷ್ಟೇ. ಆಮೆ ಚಿಪ್ಪು ಅದ್ರ ಬೆನ್ನುಮೂಳೆ, ಪಕ್ಕೆಲುಬಿನ ಜೊತೆ ಕೂಡಿಕೊಂಡಿರತ್ತೆ, ಕಳಚಿಡೋಕೆ ಆಗಲ್ಲ.

ಚಿತ್ರ ಪಾಸಾದ್ರೆ ಆಗ ಅಕ್ಷರಕ್ಕೆ ಬನ್ನಿ, ಅಲ್ಲೇ ನಿಂತು ಎರಡು ಪುಟ ಬಾಯಿಬಿಟ್ಟು ಓದಿ. ನಾಲಿಗೆಗೆ ಸಲೀಸಾಗಿ ಬಂದ್ರೆ ಸರಿ, "ಈ ಪ್ರಾಣಿಯು ಸಸ್ತನಿಗಳ ವರ್ಗಕ್ಕೆ ಸೇರಿರುತ್ತದೆ" ಅಂತ ಶುರುವಾದ್ರೆ ಅದು ದೊಡ್ಡ ಮಕ್ಕಳ ಪಾಠದ ಪುಸ್ತಕ, ಅದಕ್ಕೆ ಬಣ್ಣದ ರಟ್ಟು ಹಾಕಿದ್ದಾರೆ ಅಷ್ಟೇ. ಮೂರು ವರ್ಷಕ್ಕೆ ಪುಟಕ್ಕೆ ಒಂದು ಸಾಲು ಸಾಕು, ಐದು ವರ್ಷಕ್ಕೆ ಮೂರ್ನಾಲ್ಕು ಸಾಲು ಓಕೆ, ಅದಕ್ಕಿಂತ ಜಾಸ್ತಿ ಇದ್ರೆ ಮಗು ಪುಟ ತಿರುಗಿಸೋಕೆ ಅರ್ಜೆಂಟ್ ಮಾಡತ್ತೆ. ಒಳ್ಳೆ ಪುಸ್ತಕ ಒಂದು ಪುಟದಲ್ಲಿ ಒಂದೇ ವಿಷ್ಯ ಹೇಳತ್ತೆ. ಹಂಗೇ ಹಳೇ ತಪ್ಪು ನಂಬಿಕೆಗಳು ಮತ್ತೆ ಮತ್ತೆ ಪ್ರಿಂಟ್ ಆಗ್ತಾ ಇರ್ತವೆ, ಅವನ್ನ ಹಿಡೀರಿ. ಒಂಟೆ ಡುಬ್ಬದಲ್ಲಿ ನೀರಿರತ್ತೆ (ಇಲ್ಲ, ಕೊಬ್ಬು), ಬಾವಲಿಗೆ ಕಣ್ಣು ಕಾಣಲ್ಲ (ಕಾಣತ್ತೆ), ಉಷ್ಟ್ರಪಕ್ಷಿ ಹೆದರಿದ್ರೆ ಮರಳಲ್ಲಿ ತಲೆ ಹೂತುಕೊಳ್ಳತ್ತೆ (ಇಲ್ಲ). ಹಾವು ಹಾಲು ಕುಡಿಯತ್ತೆ ಅನ್ನೋದೂ ಇದೇ ಲೆಕ್ಕ. ಪಂಚಮಿ ದಿನ ತನಿ ಎರೆಯೋದು ನಮ್ಮ ಭಕ್ತಿ, ಅದನ್ನ ಮಗುಗೆ ಬೇರೆಯಾಗಿ ಹೇಳಿಕೊಡಿ, ಹಾವಿನ ಊಟ ಅಂತ ಬಂದಾಗ ಇಲಿ, ಕಪ್ಪೆ, ಬೇರೆ ಹಾವು ಅಂತಾನೇ ಇರ್ಬೇಕು. ಇನ್ನೊಂದು, "ಉಪಕಾರಿ ಪ್ರಾಣಿ, ಅಪಕಾರಿ ಪ್ರಾಣಿ" ಅಂತ ಎರಡು ಪಟ್ಟಿ ಮಾಡಿರೋ ಪುಸ್ತಕ ನನಗೆ ಇಷ್ಟ ಆಗಲ್ಲ, ಮಗುಗೆ ಪ್ರಾಣಿ ಪರಿಚಯ ಆಗೋಕೂ ಮುಂಚೆ ಅದು ನಮಗೆ ಲಾಭಾನಾ ನಷ್ಟಾನಾ ಅಂತ ಹೇಳೋದು ಯಾಕೆ.

ಪ್ರಿಂಟ್ ಆದ ವರ್ಷವನ್ನೂ ಒಂದ್ಸಲ ನೋಡಿ. ಭಾರತದಲ್ಲಿ ಚೀತಾ ಇಲ್ಲ ಅಂತ ಹಳೇ ಪುಸ್ತಕದಲ್ಲಿರತ್ತೆ, 2022ರ ಸೆಪ್ಟೆಂಬರಲ್ಲಿ ನಮೀಬಿಯಾದಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟ ಮೇಲೆ ಆ ಸಾಲು ಹಳತಾಯ್ತು. ಕಾಳಿಂಗ ಸರ್ಪ ಒಂದೇ ಜಾತಿ ಅಂತ ಎಲ್ಲಾ ಕಡೆ ಬರ್ದಿರತ್ತೆ, 2024ರಲ್ಲಿ ವಿಜ್ಞಾನಿಗಳು ಅದನ್ನ ನಾಲ್ಕು ಜಾತಿ ಅಂತ ಬಿಡಿಸಿದ್ರು, ನಮ್ಮ ಪಶ್ಚಿಮಘಟ್ಟದ್ದಕ್ಕೆ ಕಾಳಿಂಗ ಅನ್ನೋ ಹೆಸರೇ ಬಂತು. ಹಳೇ ಪುಸ್ತಕ ಬಿಸಾಕಿ ಅಂತ ನಾನು ಹೇಳ್ತಿಲ್ಲ, ಪೆನ್ಸಿಲಲ್ಲಿ ಪಕ್ಕದಲ್ಲಿ ಬರ್ದಿಡಿ ಸಾಕು, ತಿಳ್ಕೊಂಡಿದ್ದು ಬದಲಾಗತ್ತೆ ಅನ್ನೋದನ್ನ ಮಗು ನೋಡೋದೂ ಒಳ್ಳೇದೇ.

ಈಗ ಯಾವ ಪ್ರಾಣಿಯಿಂದ ಶುರು ಮಾಡೋದು. ಎಲ್ಲರೂ ಹುಲಿ, ಸಿಂಹ, ಡೈನೋಸಾರ್ ಅಂತ ಹೋಗ್ತಾರೆ, ನಾನು ಹೇಳೋದು ಹಲ್ಲಿ, ಇರುವೆ, ಕಾಗೆ, ಅಳಿಲು, ಕಪ್ಪೆ. ಯಾಕಂದ್ರೆ ಪುಸ್ತಕ ಮುಚ್ಚಿ ಎದ್ದ ತಕ್ಷಣ ಅದನ್ನ ಹುಡುಕೋಕೆ ಹೋಗಬಹುದು. ಹಲ್ಲಿ ಪುಸ್ತಕ ಓದಿದ ದಿನ ಸಂಜೆ ಟ್ಯೂಬ್‌ಲೈಟ್ ಹತ್ರ ನಿಂತ್ಕೊಳ್ಳಿ. ಹಲ್ಲಿ ಕಣ್ಣು ಮಿಟುಕಿಸಲ್ಲ, ಅದಕ್ಕೆ ಮುಚ್ಚೋ ರೆಪ್ಪೇನೇ ಇಲ್ಲ, ನಾಲಿಗೆ ಚಾಚಿ ಕಣ್ಣು ಒರೆಸಿಕೊಳ್ಳತ್ತೆ, ಸ್ವಲ್ಪ ಕಾದ್ರೆ ಇದು ನಿಜವಾಗ್ಲೂ ಕಾಣತ್ತೆ. ಕಿಟಕಿ ಗಾಜಿನ ಆಚೆ ಕಡೆ ಹಲ್ಲಿ ಕೂತಿದ್ರೆ ಇನ್ನೂ ಚೆನ್ನ, ಒಳಗಿಂದ ಅದ್ರ ಪಾದದ ಅಡಿ ನೋಡಬಹುದು, ಬೆರಳಿನ ಕೆಳಗೆ ಅಡ್ಡಡ್ಡ ಮಡಿಕೆ ಮಡಿಕೆ ಇರತ್ತೆ, ಆ ಮಡಿಕೆ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು, ಅದರಿಂದಾನೇ ಅದು ಗೋಡೆ ಮೇಲೆ ನಿಲ್ಲೋದು, ಅಂಟು ಗಿಂಟು ಏನಿಲ್ಲ. ದೇವರ ಫೋಟೋ ಹಿಂದೆ ಎರಡು ಬಿಳಿ ಗುಂಡು ಮೊಟ್ಟೆ ಸಿಕ್ಕಿದ್ರೆ ತೆಗೀಬೇಡಿ, ದಿನಾ ಹೋಗಿ ನೋಡ್ಕೊಂಡು ಬರೋ ಕೆಲಸವನ್ನ ಮಗುಗೆ ಒಪ್ಪಿಸಿ. ಬೇಸಿಗೇಲಿ ಕೋಗಿಲೆ ಪುಸ್ತಕ ತೆಗೀರಿ, ಕುಹೂ ಅಂತ ಕೂಗೋದು ಕೆಂಪು ಕಣ್ಣಿನ ಕರೀ ಗಂಡು, ಹೆಣ್ಣು ಕಂದು ಬಣ್ಣ, ಮೈತುಂಬಾ ಚುಕ್ಕೆ, ಅದು ಹೋಗಿ ಕಾಗೆ ಗೂಡಲ್ಲಿ ಮೊಟ್ಟೆ ಇಡತ್ತೆ. ಇದನ್ನ ಒಂದ್ಸಲ ಪುಸ್ತಕದಲ್ಲಿ ನೋಡಿದ ಮಗು ಕಾಗೆ ಕೋಗಿಲೇನ ಅಟ್ಟಿಸಿಕೊಂಡು ಹೋಗೋದನ್ನ ನೋಡಿದಾಗ ತಾನೇ ಕಾರಣ ಹೇಳತ್ತೆ.

ಚಿಟ್ಟೆ ಪುಸ್ತಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಪುಸ್ತಕವನ್ನೂ ಪ್ರಾಣಿಯನ್ನೂ ಒಟ್ಟಿಗೆ ಓದೋಕೆ ಇದಕ್ಕಿಂತ ಸುಲಭವಾದ್ದು ಇಲ್ಲ. ಮನೆ ಮುಂದೆ ಅಥವಾ ಬಾಲ್ಕನೀಲಿ ಕುಂಡದಲ್ಲಿ ಒಂದು ಕರಿಬೇವಿನ ಗಿಡ ಇದ್ರೆ ಸಾಕು, ಔಷಧಿ ಹೊಡೀಬೇಡಿ. ಎಳೇ ಎಲೆ ಮೇಲೆ ಸಾಸಿವೆಗಿಂತ ಚಿಕ್ಕದಾದ, ತಿಳಿ ಹಳದಿ ಗುಂಡು ಮೊಟ್ಟೆ ಒಂದೊಂದೇ ಬಿಡಿಬಿಡಿಯಾಗಿ ಸಿಗತ್ತೆ. ಕೆಲವೇ ದಿನಕ್ಕೆ ಅದರಿಂದ ಹುಳ ಬರತ್ತೆ, ಶುರುನಲ್ಲಿ ಕಂದು ಬಿಳಿ ಬಣ್ಣ, ನೋಡೋಕೆ ಥೇಟ್ ಹಕ್ಕಿ ಹಿಕ್ಕೆ, ಹಕ್ಕಿಗಳು ತಿನ್ನದೇ ಇರ್ಲಿ ಅಂತಾನೇ ಆ ವೇಷ. ಚರ್ಮ ಕಳಚಿ ಕಳಚಿ ಬೆಳೆದು ಕೊನೆಗೆ ಹಸಿರಾಗತ್ತೆ, ತಲೆ ಹತ್ರ ಕಣ್ಣಿನಂಥ ಗುರುತು ಬರತ್ತೆ. ಒಂದು ಕಡ್ಡಿಯಿಂದ ಮೆಲ್ಲಗೆ ಬೆನ್ನು ಮುಟ್ಟಿದ್ರೆ ತಲೆ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಫಟ್ ಅಂತ ಆಚೆ ಬರತ್ತೆ, ಜೊತೆಗೆ ಒಂದು ಘಾಟು ವಾಸನೆ, ಅದು ಶತ್ರು ಓಡಿಸೋಕೆ. ಒಂದ್ಸಲ ಸಾಕು, ಪದೇ ಪದೇ ಮುಟ್ಟಿಸ್ಬೇಡಿ. ಈ ಹುಳಕ್ಕೆ ರೋಮ ಇರಲ್ಲ, ರೋಮ ತುಂಬಿರೋ ಕಂಬಳಿಹುಳ ಬೇರೆ, ಅದನ್ನ ಮುಟ್ಟಿದ್ರೆ ನವೆ ಬರತ್ತೆ, ಎರಡರ ವ್ಯತ್ಯಾಸ ಪುಸ್ತಕದಲ್ಲೇ ತೋರ್ಸಿಬಿಡಿ. ಆಮೇಲೆ ಅದು ಕಡ್ಡಿಗೆ ಸೊಂಟಕ್ಕೊಂದು ನೂಲು ಕಟ್ಕೊಂಡು ಕೋಶ ಆಗತ್ತೆ. ಪುಸ್ತಕದಲ್ಲಿ ಚಿಟ್ಟೆಗೆ ರೇಷ್ಮೆಗೂಡಿನ ಥರ ದಪ್ಪ ನೂಲಿನ ಮೊಟ್ಟೆಯಾಕಾರ ಬರ್ದಿದ್ರೆ ಅದು ಪತಂಗದ್ದು, ಚಿಟ್ಟೆಯದ್ದಲ್ಲ, ನಿಮ್ಮ ಗಿಡದ ಮೇಲಿರೋದನ್ನ ಪಕ್ಕ ಇಟ್ಟು ನೋಡಿದ್ರೆ ಮಗುಗೇ ಗೊತ್ತಾಗತ್ತೆ. ಮೊಟ್ಟೆಯಿಂದ ಚಿಟ್ಟೆವರೆಗೂ ಸುಮಾರು ಒಂದು ತಿಂಗಳ ಕೆಲಸ, ಅಷ್ಟೂ ದಿನ ಅದೇ ಪುಸ್ತಕ ಕೈಯಲ್ಲಿರಲಿ, ಗಿಡದ ಮೇಲೆ ಯಾವ ಹಂತ ಇದ್ಯೋ ಆ ಪುಟ ಮಾತ್ರ ಓದಿ. ಕೆಲವೊಮ್ಮೆ ಕೋಶದಿಂದ ಚಿಟ್ಟೆ ಬರಲ್ಲ, ತೂತು ಮಾಡ್ಕೊಂಡು ಪುಟಾಣಿ ಕಣಜಗಳು ಆಚೆ ಬರ್ತವೆ, ಅವು ಒಳಗಿದ್ದ ಹುಳವನ್ನ ತಿಂದು ಬೆಳೆದಿರ್ತವೆ. ಮಗು ಅಳಬಹುದು, ಅಳಲಿ, ಆದ್ರೆ ಏನಾಯ್ತು ಅಂತ ಇದ್ದದ್ದು ಇದ್ದಂಗೆ ಹೇಳಿ.

ಇದು ಹುಲಿ ಜಿಂಕೆ ಹಿಡಿಯೋ ಪುಟಕ್ಕೂ ಅನ್ವಯ ಆಗತ್ತೆ. ತುಂಬಾ ಅಪ್ಪ ಅಮ್ಮಂದಿರು ಆ ಪುಟ ಬೇಗ ತಿರುಗಿಸಿಬಿಡ್ತಾರೆ, ಇಲ್ಲಾ "ಹುಲಿ ಕೆಟ್ಟದ್ದು" ಅಂತಾರೆ, ಎರಡೂ ಬೇಡ. ಹುಲಿಗೆ ಹುಲ್ಲು ಅರಗಲ್ಲ, ಮಾಂಸ ತಿಂದ್ರೇನೇ ಅದೂ ಅದ್ರ ಮರೀನೂ ಬದುಕೋದು, ಜಿಂಕೆ ಓಡಿ ತಪ್ಪಿಸ್ಕೊಳ್ಳತ್ತೆ, ಎಷ್ಟೋ ಸಲ ಹುಲಿಗೆ ಸಿಗೋದೇ ಇಲ್ಲ. ಇಷ್ಟು ಹೇಳಿ ನಿಲ್ಲಿಸಿ, ಮಗು ಮುಂದೆ ಕೇಳಿದ್ರೆ ಮಾತ್ರ ಮುಂದೆ.

ಓದೋ ಕ್ರಮದ ಬಗ್ಗೆ. ಈ ಪುಸ್ತಕ ಮೊದಲ ಪುಟದಿಂದಾನೇ ಓದ್ಬೇಕು ಅಂತೇನಿಲ್ಲ, ಮಗು ಯಾವ ಪುಟ ತೆಗೀತೋ ಅಲ್ಲಿಂದ, ಎರಡು ಪುಟಕ್ಕೆ ಸಾಕಾದ್ರೆ ಅಲ್ಲಿಗೇ. ಮೊದಲು ಸುಮ್ನೆ ಚಿತ್ರ ನೋಡೋಕೆ ಬಿಡಿ, ನೀವೂ ಸುಮ್ನಿರಿ, ಅದು ಬೆರಳಿಟ್ಟು ಏನು ತೋರ್ಸತ್ತೋ ಅದರಿಂದ ಮಾತು ಶುರು ಮಾಡಿ. "ಇದೇನು? ಇದರ ಬಣ್ಣ ಏನು? ಎಷ್ಟು ಕಾಲು?" ಅಂತ ಸಾಲಾಗಿ ಕೇಳ್ತಾ ಹೋದ್ರೆ ಅದು ಪರೀಕ್ಷೆ ಆಗಿಬಿಡತ್ತೆ, ನಾಳೆ ಆ ಪುಸ್ತಕ ತೆಗೀಯೋಕೇ ಮಗು ಒಪ್ಪಲ್ಲ. ಬದ್ಲು "ನೋಡು, ಇದ್ರ ಕಾಲು ಎಲ್ಲಿಂದ ಹೊರಟಿದೆ" ಅಂತ ನೀವು ಕಂಡಿದ್ದು ಹೇಳಿ, ಮಗು ತಾನು ಕಂಡಿದ್ದು ಹೇಳತ್ತೆ. ಗೊತ್ತಿಲ್ಲದ್ದು ಕೇಳಿದ್ರೆ "ನನಗೂ ಗೊತ್ತಿಲ್ಲ, ಹುಡುಕೋಣ" ಅನ್ನಿ, ಆದ್ರೆ ಹಂಗಂದ ಮೇಲೆ ಅವತ್ತೇ ನಿಜವಾಗ್ಲೂ ಹುಡುಕ್ಬೇಕು, ಇಲ್ಲಾಂದ್ರೆ ಆ ಮಾತಿಗೆ ಬೆಲೆ ಇರಲ್ಲ.

ಅಳತೆ ಅನ್ನೋದು ಚಿತ್ರಪುಸ್ತಕದ ದೊಡ್ಡ ತೊಂದ್ರೆ. ಇರುವೆಗೂ ಒಂದು ಪುಟ, ಆನೆಗೂ ಒಂದು ಪುಟ, ಮಗುಗೆ ಎರಡೂ ಒಂದೇ ಸೈಜ್ ಅನ್ಸತ್ತೆ. ಪುಸ್ತಕದಲ್ಲಿ ಪ್ರಾಣಿ ಪಕ್ಕ ಕೈನೋ, ಎಲೆನೋ ಬರ್ದು ಅಳತೆ ತೋರ್ಸಿದ್ರೆ ಒಳ್ಳೇದು, ಇಲ್ದಿದ್ರೆ ನೀವೇ ಮಾಡಿ. ಕಾಳಿಂಗ ಸರ್ಪ ಓದ್ತಿದ್ರೆ ಒಂದು ಸೀರೆ ತಗೊಂಡು ಹಾಲಿಂದ ಅಡುಗೆಮನೆವರೆಗೂ ಉದ್ದಕ್ಕೆ ಬಿಡಿಸಿ ಹಾಕಿ, ಸೀರೆ ಸುಮಾರು ಐದೂವರೆ ಮೀಟರ್, ತುಂಬಾ ದೊಡ್ಡ ಕಾಳಿಂಗ ಹೆಚ್ಚುಕಮ್ಮಿ ಅಷ್ಟೇ ಉದ್ದ ಬೆಳೆಯತ್ತೆ. ಮಗು ಅದ್ರ ಪಕ್ಕ ಮಲಗಿ ತನ್ನಂಥವರು ಎಷ್ಟು ಜನ ಹಿಡಿಸ್ತಾರೆ ಅಂತ ಲೆಕ್ಕ ಹಾಕತ್ತೆ. ಹಂಗೇ ಎಲೆ ಗುಡ್ಡೆ ಮಾಡಿ ಗೂಡು ಕಟ್ಟಿ ಅದರಲ್ಲಿ ಮೊಟ್ಟೆ ಇಡೋ ಹಾವು ಅದೊಂದೇ ಅನ್ನೋದನ್ನೂ ಹೇಳಿ, ಆಗುಂಬೆಯ ಮಳೆಕಾಡಲ್ಲಿ ಅದ್ರ ಅಧ್ಯಯನ ಮಾಡೋ ಒಂದು ಸಂಶೋಧನಾ ಕೇಂದ್ರ 2005ರಿಂದ ಇದೆ ಅಂದ್ರೆ ಆರು ವರ್ಷದ ಮಗುಗೆ ಕಣ್ಣು ಅಗಲ ಆಗತ್ತೆ.

ಪುಸ್ತಕ ಎಲ್ಲಿ ಸಿಗತ್ತೆ ಅಂದ್ರೆ, ದುಡ್ಡಿಲ್ದೇ ಸಿಗೋದರಿಂದ ಶುರು ಮಾಡ್ತೀನಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟಲ್ಲಿ ಕನ್ನಡದ ಚಿತ್ರಪುಸ್ತಕಗಳು ತುಂಬಾ ಇವೆ, ಫ್ರೀ, ಓದೋ ಮಟ್ಟ ಒಂದರಿಂದ ನಾಲ್ಕು ಅಂತ ವಿಂಗಡಣೆ ಇದೆ, ಈ ವಯಸ್ಸಿಗೆ ಒಂದು ಮತ್ತು ಎರಡು ನೋಡಿ. ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕ್ಕೊಳ್ಳೋಕೂ ಅನುಮತಿ ಇದೆ. ಆದ್ರೆ ಯಾರು ಬೇಕಾದ್ರೂ ಬರೀಬಹುದು, ಅನುವಾದ ಮಾಡಬಹುದು, ಹಂಗಾಗಿ ಮೇಲೆ ಹೇಳಿದ ಚಿತ್ರದ ಚೆಕ್ ಅಲ್ಲೂ ಮಾಡಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಅರ್ಲಿ ಬರ್ಡ್ ತಂಡ ಮಕ್ಕಳಿಗೆ ಹಕ್ಕಿ ಪರಿಚಯ ಮಾಡ್ಸೋಕೆ ಚೆನ್ನಾಗಿರೋ ಪೋಸ್ಟರ್, ಕಾರ್ಡು ಮಾಡಿದ್ದಾರೆ, ಗೋಡೆಗೆ ಅಂಟಿಸಿದ್ರೆ ಅದೇ ಒಂದು ಪುಸ್ತಕ. ಹಳ್ಳೀಲಿರೋರು ಗ್ರಾಮ ಪಂಚಾಯ್ತಿ ಲೈಬ್ರರಿ, ಅಂದ್ರೆ ಈಗಿನ ಅರಿವು ಕೇಂದ್ರಕ್ಕೆ ಮಗುನ ಕರ್ಕೊಂಡು ಹೋಗಿ, ಪ್ರಾಣಿ ಪುಸ್ತಕ ಬೇಕು ಅಂತ ಬಾಯಿಬಿಟ್ಟು ಕೇಳಿ. ಕೊಳ್ಳೋದಾದ್ರೆ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆ, ನವಕರ್ನಾಟಕ, ಚೆನ್ನೈನ ತೂಲಿಕಾದವರ ಕನ್ನಡ ಪುಸ್ತಕಗಳು, ಇಷ್ಟನ್ನ ಮೊದಲು ನೋಡಿ. ಎರಡು ವರ್ಷದ ಮಗುಗೆ ರಟ್ಟಿನಂಥ ದಪ್ಪ ಪುಟದ ಬೋರ್ಡ್ ಬುಕ್ಕೇ ಬೇಕು, ಬೇರೆದೆಲ್ಲಾ ಹರಿದು ಹೋಗತ್ತೆ.

ಹೊರದೇಶದಲ್ಲಿರೋ ಕನ್ನಡ ಮನೆಗಳಿಗೆ ಒಂದು ಮಾತು. ಅಲ್ಲಿನ ಲೈಬ್ರರಿಗಳಲ್ಲಿ ಮಕ್ಕಳ ಪ್ರಾಣಿ ಪುಸ್ತಕ ಬೇಕಾದಷ್ಟು ಸಿಗತ್ತೆ, ಇಂಗ್ಲಿಷಲ್ಲಿದೆ ಅಂತ ಬಿಡ್ಬೇಡಿ, ಚಿತ್ರ ತೋರಿಸ್ತಾ ಮಾತು ಕನ್ನಡದಲ್ಲಿ ಆಡಿ, ಈ ಥರದ ಪುಸ್ತಕದಲ್ಲಿ ಅದು ಸಲೀಸಾಗಿ ಆಗತ್ತೆ, ಕಥೆ ಪುಸ್ತಕದಷ್ಟು ಕಷ್ಟ ಇಲ್ಲ. ಅಲ್ಲಿ ಅಂಗಳಕ್ಕೆ ಬರೋ ಅಳಿಲು, ರಾಬಿನ್ ಹಕ್ಕಿ ಅವೇ ಮಗುವಿನ ಪ್ರಾಣಿಗಳು, ಅವುಗಳಿಂದಾನೇ ಶುರು ಮಾಡಿ. ಮೂರು ಪಟ್ಟೆ ಅಳಿಲನ್ನ ಊರಿಗೆ ಬಂದಾಗ ತೋರ್ಸಿ.

ಕೊನೇದಾಗಿ, ಬೇಕಾದ ಪ್ರಾಣಿ ಮೇಲೆ ಪುಸ್ತಕ ಸಿಗದೇ ಇದ್ರೆ ಮನೇಲೇ ಮಾಡಿ. ನಾಲ್ಕು ಎ4 ಹಾಳೆ ಮಧ್ಯಕ್ಕೆ ಮಡಚಿ, ಮಡಿಕೆ ಮೇಲೆ ಸೂಜಿ ದಾರದಲ್ಲಿ ಎರಡು ಹೊಲಿಗೆ ಹಾಕಿದ್ರೆ ಹದಿನಾರು ಪುಟ ಆಯ್ತು (ಸ್ಟೇಪ್ಲರ್ ಪಿನ್ ಪುಟ್ಟ ಬೆರಳಿಗೆ ಚುಚ್ಚತ್ತೆ). ಎಡ ಪುಟದಲ್ಲಿ ಮಗು ಬರೆದ ಚಿತ್ರ, ಬಲ ಪುಟದಲ್ಲಿ ಮಗು ಹೇಳಿದ ಒಂದು ಸಾಲು, ಅದು ಹೇಳಿದಂಗೇ ಬರೀರಿ, ತಿದ್ದಬೇಡಿ, ಕೆಳಗೆ ತಾರೀಖು ಹಾಕಿ. ನಿಯಮ ಒಂದೇ, ಮಗು ಕಣ್ಣಾರೆ ಕಂಡಿದ್ದು ಮಾತ್ರ ಈ ಪುಸ್ತಕಕ್ಕೆ ಹೋಗ್ಬೇಕು, ಕೇಳಿದ್ದು, ಟಿವೀಲಿ ನೋಡಿದ್ದು ಬೇಡ. ಇರುವೆಗೆ ಮಗು ನಾಲ್ಕೇ ಕಾಲು ಬರ್ದಿದ್ರೆ ರಬ್ಬರ್ ತಗೋಬೇಡಿ, ಒಂದು ಚಿಟಿಕೆ ಸಕ್ಕರೆ ಮೆಟ್ಟಿಲ ಮೇಲೆ ಹಾಕಿ ಮತ್ತೆ ನೋಡೋಣ ಅನ್ನಿ, ಇನ್ನೊಂದು ಪುಟದಲ್ಲಿ ಹೊಸದಾಗಿ ಬರೀಲಿ, ಎರಡೂ ಪುಟ ಇರಲಿ. ಒಂದು ಪುಸ್ತಕಕ್ಕೆ ಒಂದೇ ಪ್ರಾಣಿ, ಹಲ್ಲಿ ಶುರು ಮಾಡ್ಬೇಕು ಅನ್ಸಿದ್ರೆ ಇರುವೆ ಪುಸ್ತಕ ಅರ್ಧಕ್ಕೇ ಇದ್ರೂ ಪರವಾಗಿಲ್ಲ, ಬೇರೆ ನಾಲ್ಕು ಹಾಳೆ ಮಡಚಿ ಕೊಡಿ.